ಡೊಂಬಯ್ಯ ಮೈಸೂರಿಗೆ ಹೋದದ್ದು

"ಸರಿಯಾಗಿ ಹೇಳು. ದೈವಕ್ಕೆ ಕೇಳಬೇಕು" ಎಂದರು ಮುಂಡಪ್ಪ ಧನಿಗಳು.

ಡೊಂಬಯ್ಯ ದೈವದ ಗುಡಿಯೆದುರು ಕೈಮುಗಿದು, ಧನಿಗಳು ಕಲಿಸಿದ ಮಾತನ್ನು ಮೂರನೆಯ ಸಲ ಒಪ್ಪಿಸಿದ. "ಬರುವ ದೀಪಾವಳಿಯಲ್ಲಿ ಬಲೀಂದ್ರನಿಗೆ ದೀಪ ಇಡುವ ಹೊತ್ತಿಗೆ ನಾನಾಗಲಿ ನನ್ನ ಸಂಸಾರವಾಗಲಿ ಮದ್ರಾಸು ರಾಜ್ಯದಲ್ಲಿ ಇರುವುದಿಲ್ಲ. ಮೈಸೂರು ರಾಜ್ಯಕ್ಕೆ ಸೇರುತ್ತೇವೆ. ತಿರುಗಿ ಮದ್ರಾಸು ರಾಜ್ಯದ ನೆಲ ಮೆಟ್ಟುವುದಿಲ್ಲ."

ಇಷ್ಟರಲ್ಲಿ ಒಂದಕ್ಷರವೂ ಡೊಂಬಯ್ಯನದಲ್ಲ. ಮುಂಡಪ್ಪ ಧನಿಗಳು ಬಂಟ್ವಾಳದ ವಕೀಲರ ಮನೆಯಲ್ಲಿ ಅರ್ಧ ದಿನ ಕೂತು ಹೊಸೆದುಕೊಂಡು ಬಂದ ಮಾತು ಅದು. ಒಕ್ಕಲನ್ನು ಬಲವಂತದಿಂದ ಎಬ್ಬಿಸಬಾರದೆಂದು ಮದ್ರಾಸು ಸರಕಾರ ಹೊಸ ಕಾನೂನು ಮಾಡಿ ಧನಿಗಳ ನಿದ್ದೆ ಕೆಡಿಸಿತ್ತು. ಆ ಕಾನೂನಿನ ಕಾಲು ಗಡಿಯವರೆಗೆ ಮಾತ್ರ, ಒಕ್ಕಲು ತಾನಾಗಿಯೇ ಚಾರ್ಮಾಡಿ ಘಾಟಿ ಹತ್ತಿ ಮೈಸೂರಿಗೆ ಹೋದರೆ ಅದು ಇಲ್ಲೇ ಕೂತು ಆಕಳಿಸುತ್ತದೆ ಎಂದರು ವಕೀಲರು. ಉಳಿದದ್ದನ್ನು ಧನಿಗಳೇ ಯೋಚಿಸಿದರು. ಕೋರ್ಟಿನ ತೀರ್ಪಿಗೆ ಮೇಲೊಂದು ಕೋರ್ಟು ಉಂಟು. ದೈವದೆದುರು ಆಡಿದ ಮಾತಿಗೆ ಯಾವ ಮೇಲ್ಮನವಿಯೂ ಇಲ್ಲ.

ಡೊಂಬಯ್ಯ ಗೇಣಿಗೆ ಉಳುತ್ತಿದ್ದದ್ದು ಅವನ ಅಜ್ಜ ಮುರಕಲ್ಲಿನ ಗುಡ್ಡ ಕಡಿದು ಮಾಡಿದ ಗದ್ದೆ. ಈಗ ಧನಿಗಳ ಅಳಿಯ ಲೋಕನಾಥನಿಗೆ ಅದರ ಮೇಲೆ ಕಣ್ಣು. ಬಿಟ್ಟುಹೋಗದಿದ್ದರೆ ತೋಡಿನ ನೀರು ಬಂದ್, ಗುತ್ತಿನ ಮನೆಯ ದಾರಿ ಬಂದ್ ಎಂದು ಧನಿಗಳು ಹೇಳಿ ಕಳುಹಿಸಿದ್ದರು. ಏಳು ದಿನ ಡೊಂಬಯ್ಯ ಧನಿಗಳ ಅಂಗಳದಲ್ಲಿ ನಿಂತು ಅತ್ತ. ಎಂಟನೆಯ ದಿನ ಬಂದು, ಆಗಬಹುದು, ಪ್ರಮಾಣ ಮಾಡ್ತೇನೆ ಅಂದ. ಹಸಿವು ಬುದ್ಧಿ ಕಲಿಸುತ್ತದೆ ಎಂದು ಧನಿಗಳು ಹೆಂಡತಿಯೊಡನೆ ಹೇಳಿಕೊಂಡರು.

ಆ ದೈವದ ನಡೆಯಲ್ಲಿ ಒಂದು ಕಟ್ಟುಪಾಡು. ಮಾತು ತೆಗೆದುಕೊಂಡವನು ಬರಿಗೈಯಲ್ಲಿ ತಿರುಗುವಂತಿಲ್ಲ, ತಾನೂ ಒಂದು ಮಾತು ಕೊಡಬೇಕು. "ನಿನಗೇನು ಬೇಕು, ಕೇಳು ಮಾರಾಯ" ಎಂದರು ಧನಿಗಳು, ಉದಾರವಾಗಿ.

ಡೊಂಬಯ್ಯ ತಲೆ ತಗ್ಗಿಸಿಯೇ ಹೇಳಿದ. "ಮೈಸೂರು ರಾಜ್ಯದಲ್ಲಿ ನಾನು ನೇಗಿಲು ಊರಿದ ನೆಲಕ್ಕೆ ಧನಿಗಳು ಕಾಲಿಡಬಾರದು. ಬಿಡಿಸಲಿಕ್ಕೆ ಬರಬಾರದು. ಅಷ್ಟು ಸಾಕು."

ಧನಿಗಳಿಗೆ ನಗು ತಡೆಯಲಿಲ್ಲ. ಘಟ್ಟದ ಮೇಲೆ ಕಾಫಿ ತೋಟದ ಕೂಲಿಲೈನಿನಲ್ಲಿ ಇವನಿಗೆ ನೇಗಿಲಂತೆ! ತುಂಬಿದ ಜನರೆದುರು, ಗುತ್ತಿನ ಗತ್ತಿನಲ್ಲೇ ಮಾತು ಕೊಟ್ಟರು. ದೈವದ ಪಾತ್ರಿ ಇಬ್ಬರಿಗೂ ಗಂಧ ಹಚ್ಚಿದ. ಧನಿಗಳ ಮನಸ್ಸು ಕರಗಿ, ಅಟ್ಟದಿಂದ ಒಂದು ಹಳೆಯ ಕಂಬಳಿ ತರಿಸಿಕೊಟ್ಟರು. "ತಕ್ಕೊ. ಮೈಸೂರಿನ ಚಳಿ ನಿನಗೆ ಗೊತ್ತಿಲ್ಲ. ಎಲುಬು ಕೊರೆಯುತ್ತದೆ."

ಚೌತಿ ಕಳೆದ ಮೇಲೆ ನಡೆದ ಸಂಗತಿ ಇದು. ದೀಪಾವಳಿಯವರೆಗೆ ಧನಿಗಳು ಸುಖವಾಗಿ ಉಂಡರು, ಸುಖವಾಗಿ ಮಲಗಿದರು. ಗುತ್ತಿನ ಮನೆಗೆ ಮಂಗಳೂರಿನಿಂದ ಅಂಚೆಯಲ್ಲಿ ಪೇಪರು ಬರುತ್ತಿತ್ತು. ಪೇಪರು ಬರುವುದು ಮರ್ಯಾದೆ. ಓದುವುದು ಗುಮಾಸ್ತರ ಜಾತಿಯ ಕೆಲಸವೆಂದು ಧನಿಗಳ ಮತ. ಸುತ್ತಿದ ಕಾಗದ ಹರಿಯದೆ ಅದು ಮೂಲೆ ಸೇರುತ್ತಿತ್ತು. ಭತ್ತ ಕುಟ್ಟಲು ಬರುವ ಡೊಂಬಯ್ಯನ ಹೆಂಡತಿ ಸರಸ, ಹಪ್ಪಳ ಒಣಗಿಸಲಿಕ್ಕೆಂದು ಬೇಸಗೆಯಿಂದಲೇ ಅದನ್ನು ಕೇಳಿ ಒಯ್ಯುತ್ತಿದ್ದಳು. ಮೂಡುಬಿದಿರೆಯ ಶಾಲೆಯಲ್ಲಿ ಐದನೆಯ ಕ್ಲಾಸು ಕಲಿತ ಹೆಂಗಸು, ಬರಬರುತ್ತಾ ಹಪ್ಪಳಕ್ಕಿಂತ ಹೆಚ್ಚು ಪೇಪರು ಒಯ್ಯತೊಡಗಿದ್ದಳು.

ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿಯಿತು. ಧನಿಗಳು ಸಾಮಾನು ಸಾಗಿಸಲು ಉಜಿರೆಯವರೆಗೆ ತಮ್ಮದೇ ಗಾಡಿ ಕೊಡುತ್ತೇನೆಂದರು. ಗಾಡಿಯ ಅಗತ್ಯ ಬೀಳಲಿಕ್ಕಿಲ್ಲ ಎಂದ ಡೊಂಬಯ್ಯ. ಹೋಗುವವನು ಮನೆಯ ಮಾಡಿಗೆ ಹೊಸ ಮುಳಿಹುಲ್ಲು ಹೊದೆಸಿದ, ಗದ್ದೆಯಂಚಿನ ಕಟ್ಟಹುಣಿಯ ಒಡಕು ಮುಚ್ಚಿದ. ಅಳಿಯನಿಗೆ ಸಂಶಯ ಬಂತು. "ನಿಯತ್ತಿನ ಪ್ರಾಣಿ. ನಿನಗಾಗಿ ರೆಡಿ ಮಾಡಿ ಇಡುತ್ತಿದ್ದಾನೆ" ಎಂದು ಧನಿಗಳು ಸಮಾಧಾನ ಹೇಳಿದರು.

ಹಬ್ಬದ ಹಿಂದಿನ ದಿನಗಳಲ್ಲಿ ಬೆಳ್ತಂಗಡಿ ಪೇಟೆಯಲ್ಲಿ ತೋರಣ, ಮೈಕು, ಭಾಷಣ. ಓಟಿನ ಗಲಾಟೆ ಇರಬೇಕೆಂದುಕೊಂಡರು ಧನಿಗಳು. ಗುಮಾಸ್ತ ಏನೋ ಹೇಳಲು ಬಂದದ್ದಕ್ಕೆ ಕೈ ಬೀಸಿದರು. ಕಂಪೆನಿ ಹೋಗಲಿ, ಕಾಂಗ್ರೆಸ್ ಬರಲಿ, ಗೇಣಿ ಗೇಣಿಯೇ. ರಾಜಕೀಯ ತನ್ನ ಅಂಗಳಕ್ಕೆ ಬೇಡ.

ಬಲೀಂದ್ರನಿಗೆ ದೀಪವಿಟ್ಟ ಮರುದಿನ ಬೆಳಿಗ್ಗೆ ಅಳಿಯನನ್ನು ಕರೆದುಕೊಂಡು, ಬಿಳಿ ಮುಂಡು ಎತ್ತಿ ಕಟ್ಟಿ, ಖಾಲಿ ಗದ್ದೆ ನೋಡಲು ಹೊರಟರು. ನೆಲ ಕಳೆದುಕೊಂಡ ಬಲೀಂದ್ರನಿಗೆ ವರ್ಷಕ್ಕೊಮ್ಮೆ ಬಂದು ನೋಡಿಹೋಗಲು ಅಪ್ಪಣೆ ಉಂಟು. ಡೊಂಬಯ್ಯನಿಗೆ ಅದೂ ಇಲ್ಲ ಎಂದು ದಾರಿಯುದ್ದಕ್ಕೂ ತಮಾಷೆ ಮಾಡಿದರು. ಬೇಲಿ ದಾಟಿ ಗದ್ದೆಗೆ ಬಲಗಾಲಿಟ್ಟವರು ಹಾಗೆಯೇ ನಿಂತರು.

ಅರ್ಧ ಗದ್ದೆ ಉತ್ತಾಗಿತ್ತು. ನೇಗಿಲ ಹಿಂದೆ ಡೊಂಬಯ್ಯ. ಹುಣಿಯ ಮೇಲೆ ಸರಸ.

ಧನಿಗಳು ದೈವದ ಹೆಸರೆತ್ತಿದರು. ಮಾತಿಗೆ ತಪ್ಪಿದವನ ಸಂಸಾರ ಏನಾಗುತ್ತದೆಂದು ಗೊತ್ತುಂಟಾ ಎಂದು ಕೇಳಿದರು.

ಡೊಂಬಯ್ಯ ಎತ್ತುಗಳನ್ನು ನಿಲ್ಲಿಸಿದ. "ತಪ್ಪಲಿಲ್ಲ ಧನಿಗಳೇ. ನಾವು ಮೈಸೂರಿಗೆ ಬಂದು ಮುಟ್ಟಿ ಮೂರು ದಿನ ಆಯಿತು. ನೀವು ಹೇಳಿದಷ್ಟು ಚಳಿ ಇಲ್ಲ ಇಲ್ಲಿ."

ಸರಸ ಹಪ್ಪಳದ ಎಣ್ಣೆ ಹತ್ತಿದ ಪೇಪರನ್ನು ಬಿಡಿಸಿ, ಶಾಲೆಯಲ್ಲಿ ಕಲಿಸಿದ ಹಾಗೆ ನಿಂತು ಓದಿದಳು: ನವೆಂಬರ್ ಒಂದರಿಂದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದು.

"ನೀವೂ ನಮ್ಮೊಟ್ಟಿಗೇ ಬಂದಿರಿ, ಸಂತೋಷ" ಎಂದ ಡೊಂಬಯ್ಯ. ಆಮೇಲೆ ನೇಗಿಲನ್ನು ಇನ್ನಷ್ಟು ಊರಿ, ಧನಿಗಳ ಬಲಗಾಲನ್ನೇ ನೋಡಿದ.

ಮುಂಡಪ್ಪ ಧನಿಗಳು ದೈವದ ಗುಡಿಯ ದಿಕ್ಕಿಗೊಮ್ಮೆ ನೋಡಿ, ಆ ಕಾಲನ್ನು ಮೆಲ್ಲನೆ ಗದ್ದೆಯಿಂದ ಎತ್ತಿಕೊಂಡರು.