ಎಂಬತ್ತು ಕಿಲೋ

“ಇವತ್ತೂ ಎಂಬತ್ತು ಕಿಲೋ ಜಾಸ್ತಿ ಸಾರ್!” ತೂಕದ ಕೋಣೆಯ ಹುಡುಗಿ ಮೈಕಿನಲ್ಲಿ ಕೂಗಿದಳು. ಲಾರಿ ಅಡ್ಡ ನಿಂತರೆ ಅವಳಿಗೆ ಪರದೆಯ ಮೇಲಿನ ಅಂಕಿ ಬಿಟ್ಟು ಬೇರೇನೂ ಕಾಣದು.

ಮೇಲ್ವಿಚಾರಕನ ಪಿತ್ತ ನೆತ್ತಿಗೇರಿತು. ಸತತ ಒಂಬತ್ತನೇ ದಿನ! ಗುಂಡಿಗೆ ಕಸ ಸುರಿದು ಹೊರಡುವ ಲಾರಿ ತನ್ನ ಖಾಲಿ ತೂಕವನ್ನಷ್ಟೇ ತೂಗಬೇಕು. ಗಾಲಿಯ ಕೆಸರನ್ನೂ ತೊಳೆಸಿಯೇ ತೂಕದ ಹಲಗೆಗೆ ಹತ್ತಿಸುವುದು ಇಲ್ಲಿಯ ಪದ್ಧತಿ. ಮತ್ತೆ ಈ ಎಂಬತ್ತು ಕಿಲೋ ಎಲ್ಲಿಂದ ಉದುರಿತು?

ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ತಾಮ್ರದ ತಂತಿ ಮಾಯವಾಗುತ್ತಿತ್ತು. ಮೇಲಿನವರು ಅವನನ್ನು ಹಿಗ್ಗಾಮುಗ್ಗಾ ಬೈದಿದ್ದರು. ಶೆಡ್ಡಿನವರ ಜೊತೆ ಹರಟುವ ಈ ಚಾಲಕನ ಮೇಲೆಯೇ ಅವನಿಗೆ ಗುಮಾನಿ. ಈ ಒಂದು ಲಾರಿ ಹೊರಡುವಾಗ ಖುದ್ದಾಗಿ ಬಂದು ಕಾವಲು ನಿಂತ. ನಿಂತ ಮೊದಲ ದಿನವೇ ತೂಕ ಹೆಚ್ಚು ಬಂತು. ತನ್ನ ಚುರುಕುತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಆದರೆ ಮಾಲು ಮಾತ್ರ ಸಿಗಲಿಲ್ಲ. ಸೀಟು ಬಿಚ್ಚಿಸಿದ, ಸ್ಟೆಪ್ನಿ ಇಳಿಸಿದ, ಬುತ್ತಿಡಬ್ಬಿಯನ್ನೂ ಬಿಡಲಿಲ್ಲ. ಇವತ್ತೂ ಲಾರಿಯ ಮೆಟ್ಟಿಲು ಹತ್ತಿ, ಕ್ಯಾಬಿನ್ನಿನೊಳಗೆ ಕತ್ತು ತೂರಿಸಿದ್ದ. ಏನೂ ಇಲ್ಲ. ಕೈ ಕೈ ಹಿಸುಕಿಕೊಳ್ಳುವಂತಾಯಿತು.

“ಎಲ್ರೀ ಬಚ್ಚಿಟ್ಟಿದ್ದೀರಿ?”

“ದಿನಾ ನೀವೇ ನೋಡ್ತಿದ್ದೀರಲ್ಲ ಸಾರ್. ಹದಿನೆಂಟು ವರ್ಷ ಊರಿನ ಕಸ ಹೊತ್ತಿದ್ದೀನಿ. ಒಂದು ಮೊಳೆ ಮುಟ್ಟಿಲ್ಲ.”

“ನಿಮ್ಮ ಮಾತು ಬೇಡ. ಯಂತ್ರ ಸುಳ್ಳು ಹೇಳಲ್ಲ. ಅದಕ್ಕೆ ನೀವೂ ಒಂದೇ, ನಾನೂ ಒಂದೇ.”

ಕೆಳಗಿಳಿದು, ಜೇಬಿನಲ್ಲಿ ಸಿದ್ಧವಾಗಿಟ್ಟಿದ್ದ ವಜಾ ಪತ್ರವನ್ನು ಚಾಲಕನ ಕೈಗಿಟ್ಟ. ಚಾಲಕ ಓದಿದ.

“ಮಗಳು ಕೇಳಿದ್ರೆ ಏನಂತ ಹೇಳ್ಲಿ ಸಾರ್? ಅಪ್ಪ ಕಳ್ಳ ಅಂತಾನಾ?”

ಮೇಲ್ವಿಚಾರಕ ಮುಖ ತಿರುಗಿಸಿದ. ಚಾಲಕ ಬುತ್ತಿಡಬ್ಬಿಯನ್ನು ಎದೆಗವಚಿಕೊಂಡು ಲಾರಿಯಿಂದ ಇಳಿದು, ತಿರುಗಿ ನೋಡದೆ ಗೇಟು ದಾಟಿದ. ಬೇರೊಬ್ಬ ಚಾಲಕ ಹತ್ತಿ ಲಾರಿಯನ್ನು ಹೊರಗೆ ಓಡಿಸಿದ.

ಅಂತೂ ಪೀಡೆ ತೊಲಗಿತು. ಮೇಲ್ವಿಚಾರಕ ನಿಂತಲ್ಲೇ ನಿಂತು ಬೆವರೊರೆಸಿಕೊಂಡ. ಹೊಟ್ಟೆಯ ಕೆಳಗೆ ಜಾರಿದ್ದ ಬೆಲ್ಟನ್ನು ಮೇಲೆಳೆದುಕೊಂಡ.

ಮೈಕು ಕರಕರ ಎಂದಿತು. ಹುಡುಗಿಯ ದನಿ ತಡವರಿಸಿತು.

“ಸಾರ್... ಲಾರಿ ಹೋಯ್ತು. ಆ ಎಂಬತ್ತು ಕಿಲೋ ಇನ್ನೂ ಹಲಗೆ ಮೇಲೇ ಇದೆ.”