ಉಪ್ಪಿಲ್ಲದ ಗಂಜಿ

"ಅಷ್ಟು ದೂರದ ನಕ್ಷತ್ರದೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ದೊಡ್ಡಪ್ಪ? ಹೋಗಿ ನೋಡಿದ್ದೀರಾ?" ಎಂದು ತಮ್ಮನ ಮಗ ಒಮ್ಮೆ ನಕ್ಕಿದ್ದ.

ನಕ್ಷತ್ರಗಳ ಬೆಳಕನ್ನು ಓದುವುದರಲ್ಲೇ ಆಯುಷ್ಯ ಕಳೆದಿದ್ದ ದೊಡ್ಡಪ್ಪ ಅವನನ್ನು ಅಡುಗೆಮನೆಗೆ ಕರೆದೊಯ್ದು, ಗ್ಯಾಸಿನ ಉರಿಗೆ ಚಿಟಿಕೆ ಉಪ್ಪು ಉದುರಿಸಿದರು. ಉರಿ ಹಳದಿಯಾಯಿತು. ಆಮೇಲೆ ಅವನು ದ್ರಾಕ್ಷಿ ತೋಟಕ್ಕೆಂದು ಕೊಂಡಿದ್ದ ಮೈಲುತುತ್ತವನ್ನು ಉದುರಿಸಿದರು. ಉರಿ ಹಸಿರಾಯಿತು.

"ತಾಮ್ರ ಇದ್ದರೆ ಹಸಿರು. ಒಂದೊಂದು ಧಾತುವಿಗೂ ಅದರದೇ ಬಣ್ಣ. ಒಲೆಯಲ್ಲಾದರೂ ಅಷ್ಟೆ, ನಕ್ಷತ್ರದಲ್ಲಾದರೂ ಅಷ್ಟೆ. ಹೋಗು, ಕೈ ತೊಳ್ಕೊ, ಅದು ವಿಷ."

ಈಗ ದೊಡ್ಡಪ್ಪನಿಗೆ ಲಕ್ವ ಹೊಡೆದು ನಾಲ್ಕು ತಿಂಗಳು. ಕೈಕಾಲು ಆಡುವುದಿಲ್ಲ, ಮಾತು ಹೊರಡುವುದಿಲ್ಲ. ತಮ್ಮನ ಮಗನೇ ಮೈ ಒರೆಸುತ್ತಾನೆ, ಮಗ್ಗುಲು ಬದಲಿಸುತ್ತಾನೆ, ಗಂಜಿ ಕುಡಿಸುತ್ತಾನೆ. ನಿನ್ನೆ ಮನೆ ಪತ್ರಕ್ಕೆ ಅವರ ಹೆಬ್ಬೆಟ್ಟನ್ನೂ ಅವನೇ ಹಿಡಿದು ಒತ್ತಿಸಿದ.

"ಡಾಕ್ಟ್ರು ಉಪ್ಪು ಬೇಡ ಅಂದಿದ್ದಾರೆ. ಇವತ್ತೂ ಸಪ್ಪೆ ಗಂಜೀನೇ," ಎಂದು ಅವನು ಒಲೆಯ ಮುಂದಿನಿಂದ ಕೂಗಿ ಹೇಳಿದ.

ಮಂಚದಿಂದ ಒಲೆ ನೇರವಾಗಿ ಕಾಣುತ್ತಿತ್ತು. ರಾಗಿ ಗಂಜಿ ಉಕ್ಕಿ ಉರಿಗೆ ಚೆಲ್ಲಿತು. ಉರಿ ಒಮ್ಮೆಲೇ ಹಸಿರಾಗಿ ಎದ್ದು ಅಡಗಿತು.

ದೊಡ್ಡಪ್ಪ ಕಿರುಚಿದರು. ಗಂಟಲಿನಿಂದ ಬಂದದ್ದು ಗೊರಗೊರ ಸದ್ದು ಮಾತ್ರ.

ಅವನು ಬಟ್ಟಲು ಹಿಡಿದು ಬಂದು ಮಂಚದ ಅಂಚಿಗೆ ಕುಳಿತ. ಅವರ ತಲೆಯನ್ನು ಮೆಲ್ಲಗೆ ಎತ್ತಿ ತನ್ನ ತೋಳಿಗೆ ಒರಗಿಸಿಕೊಂಡ.

"ನಾನೂ ನೋಡಿದೆ ದೊಡ್ಡಪ್ಪ," ಎಂದ. "ಬಾಯಿ ತೆಗೀರಿ."