ಏಳನೆಯ ಬ್ಯಾರನ್ನನ ಪಟ್ಟ

“ಹೊಟ್ಟೆ ಮುಟ್ಟಿ ನೋಡಲೇ?” ಎಂದು ಲಾಯರ್ ಎಮಿಲಿಯಾ ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಶಾರದಮ್ಮ ಎದ್ದು ಸೊಸೆಗೆ ಅಡ್ಡ ನಿಂತರು.

“ನೀವು ಮುಟ್ಟಬೇಕಾಗಿಲ್ಲ. ಮುಟ್ಟುವುದಾದರೆ ನಾನು ಮುಟ್ಟುತ್ತೇನೆ. ಅಬುಧಾಬಿಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು ನಾನು.”

ಲಂಡನ್ನಿನಿಂದ ಈ ಲಾಯರನ್ನು ಅಬುಧಾಬಿ ಸೀಮೆಯ ಈ ರುವೈಸಿಗೆ ಅಟ್ಟಿದವನು ಶಾರದಮ್ಮನ ಮೈದುನ. ಅವರ ಇಂಗ್ಲಿಷ್ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಬ್ಯಾರನ್ ಎಂಬ ವಂಶದ ಪಟ್ಟವೊಂದೇ. ಜಮೀನಿಲ್ಲ, ಮನೆಯಿಲ್ಲ, ಬರೀ ಹೆಸರು. ಅದು ಮಗ ನಿಶಾಂತನಿಗೆ ಬಂದಿತ್ತು. ಇಲ್ಲಿನ ರಿಫೈನರಿಯಲ್ಲಿ ಇಂಜಿನಿಯರಾಗಿದ್ದ ಏಳನೆಯ ಬ್ಯಾರನ್, ಮೂರು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಕಾರು ಮಗುಚಿ ಸತ್ತ. ಆಗ ಸೊಸೆ ಬಿಂದುವಿಗೆ ಮೂರು ತಿಂಗಳು.

ಪಟ್ಟದ ಕಟ್ಟಳೆ ವಿಚಿತ್ರ. ಬಸುರಿ ಹೆಂಡತಿಯನ್ನು ಬಿಟ್ಟು ಸತ್ತರೆ ಹೆರಿಗೆಯವರೆಗೆ ಎಲ್ಲರೂ ಕಾಯಬೇಕು. ಗಂಡು ಹುಟ್ಟಿದರೆ ಪಟ್ಟ ಅವನಿಗೆ; ಇಲ್ಲವಾದರೆ ಚಿಕ್ಕಪ್ಪನಿಗೆ. ಅಲ್ಲಿಯವರೆಗೆ ನಿಶಾಂತನ ಜಾಗದಲ್ಲಿ ಬೇರೊಬ್ಬನ ಹೆಸರು ಬರೆಯುವಂತಿಲ್ಲ. ಹೆಣ ಸುಡುವ ಮೊದಲೇ ಮೈದುನ ಫೋನು ಮಾಡಿ ವಿಚಾರಿಸಿದ್ದು ಇದನ್ನೇ. ಈಗ ಬಸಿರೇ ಸುಳ್ಳು ಎನ್ನುತ್ತಾನಂತೆ! ಶಾರದಮ್ಮನಿಗೆ ಮೈಯೆಲ್ಲ ಉರಿಯಿತು.

ಮಗನ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದವರು ಮೈಸೂರಿನಲ್ಲೇ ಹಾಸಿಗೆ ಹಿಡಿದಿದ್ದರು. ಬಂದಿಳಿದದ್ದು ಇವತ್ತು ಬೆಳಿಗ್ಗೆ. ಬಾಗಿಲಲ್ಲಿ ತಬ್ಬಿಕೊಳ್ಳಲು ಹೋದರೆ ಬಿಂದು ಸರಕ್ಕನೆ ಬಗ್ಗಿ ಕಾಲಿಗೆ ನಮಸ್ಕರಿಸಿಬಿಟ್ಟಿದ್ದಳು. ಹುಡುಗಿ ಸೊರಗಿಹೋಗಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಬೇಡ ಅತ್ತೆ,” ಎಂದಳು ಬಿಂದು ಈಗ ಕನ್ನಡದಲ್ಲಿ. “ಕೈ ಮುಗೀತೀನಿ. ಅವರ ಹೆಸರು ಅಳಿಸಿ ಇನ್ಯಾರದೋ ಬರೀತಾರೆ ಅಂದ್ರೆ ನಂಗೆ ತಡ್ಕೊಳ್ಳೋಕಾಗ್ತಿಲ್ಲ.”

“ಹೆದರ್ಕೋಬೇಡ ಕಣೇ. ನಾನಿದೀನಲ್ಲ.”

ಶಾರದಮ್ಮ ದುಪಟ್ಟಾದ ಕೆಳಗೆ ಕೈಯಿಟ್ಟರು. ಸೊಸೆ ಕಣ್ಣು ಮುಚ್ಚಿದಳು. ಕೈ ಅಲ್ಲೇ ನಿಂತಿತು. ನೋಡನೋಡುತ್ತಿದ್ದಂತೆ ಅತ್ತೆಯ ಕಣ್ಣಿನಿಂದ ಧಾರಾಕಾರವಾಗಿ ನೀರಿಳಿಯಿತು. ಮಗ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ.

“ಒದೆಯಿತು,” ಎಂದರು ಇಂಗ್ಲಿಷಿನಲ್ಲಿ. “ಇದರಪ್ಪನೂ ಹೀಗೇ, ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬರೆದುಕೊಳ್ಳಿ.”

ಎಮಿಲಿಯಾಳ ಮುಖ ಕೆಂಪಾಯಿತು. ಬರೆದುಕೊಂಡಳು. “ಕ್ಷಮಿಸಿ. ಹಾಗಾದರೆ ಹೆರಿಗೆಯವರೆಗೂ ನಿಮ್ಮ ಮಗನ ಹೆಸರೇ ಕೊನೆಯದು,” ಎಂದು ಕಾಗದಗಳನ್ನು ಜೋಡಿಸತೊಡಗಿದಳು.

ಶಾರದಮ್ಮ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು, ಲಾಯರಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ನಾಳೆಯಿಂದ ಬಟ್ಟೆ ಇನ್ನೊಂಚೂರು ಕೆಳಗೆ ಕಟ್ಕೊ ಮಗಳೇ, ಆರು ತಿಂಗಳ ಹೊಟ್ಟೆ ಅಷ್ಟು ಮೇಲಿರಲ್ಲ.”